ಮೈಸೂರು ಚಿತ್ರಗಳ ಚೌಕಟ್ಟು: ಒಂದು ಟಿಪ್ಪಣಿ

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯು ಮುಮ್ಮಡಿ ಕೃಷ್ಣರಾಜ ಒಡೆಯರವರ (೧೭೯೪–೧೮೬೮) ಆಶ್ರಯದಲ್ಲಿ ಉನ್ನತಿಗೇರಿದ ಸಂಗತಿ ಸುವಿದಿತವಾದುದು. ಆ ಚಿತ್ರಗಳಿಗೆ ಕಟ್ಟು ಹಾಕಿದ ಕುಶಲಿಗಳತ್ತ ಮಾತ್ರ ನಮ್ಮ ದೃಷ್ಟಿ ಹರಿಯುವುದು ವಿರಳ.

ಹಲಗೆಗೆ ಅಂಟಿಸಿದ ಕಾಗದದ ಮೇಲೆ ಬರೆದು, ಉಬ್ಬುಗೆಲಸಕ್ಕೆ ಚಿನ್ನದ ರೇಕು ಹೊದಿಸಿದ ಈ ಚಿತ್ರಗಳಿಗೆ ತೇವವೂ ಧೂಳೂ ಶತ್ರುಗಳು. ಉಬ್ಬಿಗೆ ತಾಗದಂತೆ ಎಡೆಬಿಟ್ಟು ಗಾಜನ್ನು ಕೂರಿಸುವುದರಲ್ಲಿಯೇ ಕಟ್ಟಿನವನ ಜಾಣ್ಮೆಯಿದೆ. ೧೮೯೪ರಲ್ಲಿ ರವಿವರ್ಮನ ಮುದ್ರಣಾಲಯವು ಆರಂಭವಾದ ತರುವಾಯ ಅಚ್ಚಿನ ಪಟಗಳು ಸಾಮಾನ್ಯರ ಮನೆಗಳನ್ನು ಸೇರಿದವು. ಸಿರಿವಂತರ ಗೋಡೆಗೆ ಒಪ್ಪುತ್ತಿದ್ದ ಕಟ್ಟು ಪೇಟೆಯ ಸರಕೂ ಆಯಿತು.

ಹಳ್ಳಿಮೈಸೂರಿನಂಥ ಊರುಗಳ ಹಳೆಯ ಮನೆಗಳಲ್ಲಿ ಪಟಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳು ಹಿಂಬದಿಯನ್ನೂ ನೋಡತಕ್ಕದ್ದು. ಮರ, ಮೊಳೆ, ಹಲಗೆಯ ಮೇಲಣ ಬರಹ ಇವೆಲ್ಲ ಕಾಲನಿರ್ಣಯಕ್ಕೆ ಆಧಾರಗಳು. ಹೊಸ ಕಟ್ಟಿನ ಮೋಹದಿಂದ ಹಳೆಯದನ್ನು ಒಲೆಗೆ ಹಾಕಿದರೆ ಸುಡುವುದು ಬರಿಯ ಮರವಲ್ಲ, ಒಂದು ದಾಖಲೆ.