ಲೇಸರ್ ದಾಳಿ ಮತ್ತು ಸಲಕರಣೆಯ ಬೆಲೆ: ಚಿಪ್ ಭದ್ರತೆಯ ಮೌಲ್ಯಮಾಪನದ ಒಂದು ವಿಮರ್ಶೆ

ಚಿಪ್ಪಿನ ಭದ್ರತೆಯನ್ನು ಅಳೆಯುವಾಗ ದಾಳಿಗೆ ಬೇಕಾದ ಸಲಕರಣೆಯನ್ನೂ ಲೆಕ್ಕಕ್ಕೆ ಹಿಡಿಯುವುದು ರೂಢಿ. ಕಾಮನ್ ಕ್ರೈಟೀರಿಯಾ ಪದ್ಧತಿಯಲ್ಲಿ ಸಮಯ, ಪರಿಣತಿಗಳ ಜೊತೆ ಉಪಕರಣಕ್ಕೂ ಅಂಕಗಳಿವೆ. ಅಂಕ ಹೆಚ್ಚಿದಷ್ಟೂ ದಾಳಿ ದುಸ್ಸಾಧ್ಯವೆಂದು ಅರ್ಥ. ಲೇಸರಿನ ಮಟ್ಟಿಗೆ ಈ ಅಂಕವನ್ನು ಬಹುಕಾಲ ನೆಚ್ಚುವಂತಿಲ್ಲ ಎಂಬುದು ಇಲ್ಲಿನ ವಾದ.

ಸಿಲಿಕಾನಿನ ಮೇಲೆ ಬಿದ್ದ ಫೋಟಾನಿನ ಶಕ್ತಿ ಸುಮಾರು 1.12 ಎಲೆಕ್ಟ್ರಾನ್ ವೋಲ್ಟ್ ಮೀರಿದರೆ ಎಲೆಕ್ಟ್ರಾನ್-ರಂಧ್ರ ಜೋಡಿಗಳು ಹುಟ್ಟುತ್ತವೆ. ಮುಚ್ಚಿರಬೇಕಾದ ಟ್ರಾನ್ಸಿಸ್ಟರ್ ಕ್ಷಣಕಾಲ ವಿದ್ಯುತ್ ಹರಿಸುತ್ತದೆ. ಸ್ಮರಣೆಯ ಕೋಶವೊಂದರ ಸೊನ್ನೆ ಒಂದಾಗಲು ಅಷ್ಟು ಸಾಕು. ವಿಕಿರಣದ ಪರಿಣಾಮವನ್ನು ಅನುಕರಿಸಲು ಲೇಸರ್ ಬಳಸಬಹುದೆಂದು ಸಂಶೋಧಕ ಹ್ಯಾಬಿಂಗ್ 1965ರಲ್ಲೇ ತೋರಿಸಿದ್ದರು. ಬೆಳಕನ್ನು ಭದ್ರತೆಯ ವಿರುದ್ಧ ತಿರುಗಿಸಿದವರು ಕೇಂಬ್ರಿಜ್‌ನ ಸೆರ್ಗೆಯ್ ಸ್ಕೊರೊಬೊಗಾಟೊವ್ ಮತ್ತು ರಾಸ್ ಆಂಡರ್ಸನ್, 2002ರಲ್ಲಿ. ಅವರ ಬೆಳಕಿನ ಮೂಲ 30 ಡಾಲರಿಗೆ ಕೊಂಡ ಹಳೆಯ ಕ್ಯಾಮೆರಾ ಫ್ಲ್ಯಾಶ್! ಅದನ್ನು ಸೂಕ್ಷ್ಮದರ್ಶಕದ ಮೂಲಕ ಹಾಯಿಸಿ, ಪಿಐಸಿ16ಎಫ್84 ಚಿಪ್ಪಿನ 68 ಬೈಟ್ ಸ್ಮರಣೆಯಲ್ಲಿ ಬೇಕಾದ ಬಿಟ್ಟನ್ನು ಬದಲಿಸಿದರು. ಒಂದು ಬಿಟ್ಟಿನಿಂದ ಏನಾದೀತು ಎನ್ನುವಂತಿಲ್ಲ. ಚೀನೀ ಶೇಷ ಪ್ರಮೇಯ ಬಳಸುವ ಆರ್‌ಎಸ್‌ಎ ಲೆಕ್ಕದಲ್ಲಿ ತಪ್ಪಿದ ಒಂದೇ ಸಹಿಯಿಂದ ಗುಪ್ತಕೀಲಿ ಹೊರಬೀಳುತ್ತದೆಂದು ಸಂಶೋಧಕರಾದ ಬೊನೆ, ಡಿಮಿಲೊ, ಲಿಪ್ಟನ್ ಅಷ್ಟರಲ್ಲಾಗಲೇ ಸಾಧಿಸಿದ್ದರು.

ಅಂದರೆ ಈ ದಾಳಿ ಹುಟ್ಟಿದ್ದೇ ಅಗ್ಗವಾಗಿ. ದುಬಾರಿಯಾದದ್ದು ಆಮೇಲೆ. ಮೇಲ್ಮೈಯನ್ನು ಲೋಹದ ಪದರಗಳು ಮುಚ್ಚಿದವು. ಹಿಂಬದಿಯಿಂದ ಸಿಲಿಕಾನಿನ ಮೂಲಕವೇ ಹೋಗಬಲ್ಲ 1064 ನ್ಯಾನೊಮೀಟರ್ ಅವಕೆಂಪು ಲೇಸರ್ ಬೇಕಾಯಿತು. ಅದರ ಚುಕ್ಕೆಯನ್ನು ಸುಮಾರು ಒಂದು ಮೈಕ್ರೊಮೀಟರಿಗಿಂತ ಹೆಚ್ಚು ಕಿರಿದಾಗಿಸುವುದು ಕಷ್ಟ. ಇಂದಿನ ಟ್ರಾನ್ಸಿಸ್ಟರುಗಳು ಅದಕ್ಕಿಂತ ಬಹಳ ಚಿಕ್ಕವು. ಹೀಗಾಗಿ ನಿಖರವಾದ ಚಲನ ವೇದಿಕೆ, ನ್ಯಾನೊಸೆಕೆಂಡಿನ ಕಾಲನಿಯಂತ್ರಣಗಳಿಗೆ ಬೆಲೆ ಏರಿತು. 2024ರಲ್ಲಿ ಲಾಸ್ ವೇಗಾಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ನೆಟ್‌ಎಸ್‌ಪಿಐ ಎಂಬ ಭದ್ರತಾ ಸಂಸ್ಥೆ ಪರಿಚಯಿಸಿದ ರೇವಿ ಲೈಟ್ ಎಂಬ ಲೇಸರ್ ಸಲಕರಣೆ ಈ ಏರಿಕೆಗೆ ಉತ್ತರ: ತ್ರಿಆಯಾಮ ಮುದ್ರಣದ ಭಾಗಗಳಿಂದ ಕಟ್ಟಿದ ಇದರ ವೆಚ್ಚ 500 ಡಾಲರಿಗೂ ಕಡಿಮೆ. ಪ್ರಯೋಗಾಲಯದ ಯಂತ್ರದ ವೇಗ, ನಿಖರತೆ ಇದರಿಂದ ನಿರೀಕ್ಷಿಸಬಾರದು, ನಿಜ. ಆದರೆ ತಾಳ್ಮೆಯುಳ್ಳ ದಾಳಿಕೋರನಿಗೆ ವೇಗದ ಹಂಗಿಲ್ಲ.

ದುಬಾರಿ ಯಂತ್ರವನ್ನು ಸ್ವಂತಕ್ಕೆ ಕೊಳ್ಳಲೇಬೇಕೆಂದೂ ಇಲ್ಲ. 2017ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಎಫ್‌ಪಿಜಿಎ (ತಯಾರಾದ ಮೇಲೂ ಒಳಗಿನ ತರ್ಕವನ್ನು ಬದಲಿಸಬಹುದಾದ ಚಿಪ್) ಒಂದರೊಳಗೆ ಗೂಢಲಿಪಿ ಬಿಡಿಸಿಕೊಂಡ ದತ್ತಾಂಶವನ್ನು ಪ್ರತಿಫಲಿತ ಲೇಸರ್ ಬೆಳಕಿನಿಂದಲೇ ಓದಿದರು. ಬಳಸಿದ್ದು ಚಿಪ್ಪಿನ ದೋಷ ಪತ್ತೆಗೆಂದೇ ಇರುವ ಸೂಕ್ಷ್ಮದರ್ಶಕ. ಇಂಥವು ಗಂಟೆಯ ಬಾಡಿಗೆಗೂ ಸಿಗುತ್ತವೆ. ಇಲ್ಲಿ ತರಂಗದೂರ ಸುಮಾರು 1300 ನ್ಯಾನೊಮೀಟರ್, ಫೋಟಾನಿನ ಶಕ್ತಿ 0.95 ಎಲೆಕ್ಟ್ರಾನ್ ವೋಲ್ಟ್; ಮೇಲೆ ಹೇಳಿದ 1.12ಕ್ಕಿಂತ ಕಡಿಮೆ. ಚಿಪ್ಪನ್ನು ಕಾಯಲು ಅದರೊಳಗೇ ಇಟ್ಟ ಬೆಳಕಿನ ಸಂವೇದಕವೂ ಸಿಲಿಕಾನಿನದೇ ಆದ್ದರಿಂದ, ಈ ಬೆಳಕು ಅದರ ಅರಿವಿಗೇ ಬರುವುದಿಲ್ಲ.