ಕಲ್ಲು ಉಳಿದರೆ ಸಾಲದು, ಓದೂ ಉಳಿಯಬೇಕು

ಚನ್ನಪಟ್ಟಣದ ಬಳಿಯ ಮಳೂರು, ಮಳೂರುಪಟ್ಟಣಗಳ ಸುತ್ತ ಚೋಳರ ಕಾಲದ ತಮಿಳು ಶಾಸನಗಳಿವೆ. ಸಾವಿರ ವರ್ಷದ ಬಿಸಿಲುಮಳೆಗೂ ಅಕ್ಷರ ಅಳಿದಿಲ್ಲ. ಆದರೆ ನಿತ್ಯ ಅವುಗಳ ಮುಂದೆ ಓಡಾಡುವವರಲ್ಲಿ ಓದಬಲ್ಲವರು ಎಷ್ಟು ಮಂದಿ? ಬರಹ ಉಳಿಯುವುದು ಬೇರೆ, ಓದು ಉಳಿಯುವುದು ಬೇರೆ.

ಈ ಅಂತರವನ್ನು ತುಂಬಿದವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂತು. ಚನ್ನಪಟ್ಟಣ, ಮಾಗಡಿ ಹಾಗೂ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರವೂ ಆಗ ಅದೇ ಬೆಂಗಳೂರು ಜಿಲ್ಲೆಗೆ ಸೇರಿತ್ತು. ರೈಸ್ ಮಾಡಿದ ಜಾಣತನದ ಕೆಲಸವೆಂದರೆ, ಶಾಸನಗಳನ್ನು ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂದು ಮೂರು ರೂಪಗಳಲ್ಲಿ ಕೊಟ್ಟದ್ದು. ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಕಲ್ಲೇ ಕಾಣೆಯಾದ ಕಡೆ ಇಂದು ಆ ಪುಸ್ತಕವೇ ಸಾಕ್ಷಿ.

ಗಣಕಯಂತ್ರದ ಕಾಲದಲ್ಲಿ ಇದೇ ತೊಡಕು ಮತ್ತಷ್ಟು ಬಿಗಿಯಾಗಿದೆ. ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಅದು ಇಟ್ಟುಕೊಳ್ಳುವುದು ಅಂಕಿಗಳನ್ನು. ಯಾವ ಅಂಕಿಗೆ ಯಾವ ಅಕ್ಷರ ಎಂಬುದು ಒಂದು ಒಪ್ಪಂದ. 1990ರ ದಶಕದಲ್ಲಿ ಕನ್ನಡದ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಒಪ್ಪಂದವಿತ್ತು. ಅಂದು ಬೆರಳಚ್ಚು ಮಾಡಿಟ್ಟ ಊರಿನ ಇತಿಹಾಸವನ್ನೋ ಜಾನಪದ ಸಂಗ್ರಹವನ್ನೋ ಇಂದು ತೆರೆದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಭಾಷೆಗಳಿಗೂ ಒಂದೇ ಒಪ್ಪಂದವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತಾದರೂ, ಅದು ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದವು. ನುಡಿ, ಬರಹ ಮುಂತಾದವುಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳೇನೋ ಇವೆ. ಆದರೆ ಕಡತವಿರುವ ಫ್ಲಾಪಿಯನ್ನು ಓದುವ ಯಂತ್ರವೇ ಮನೆಯಲ್ಲಿಲ್ಲದಿದ್ದರೆ?

ರೈಸರ ಸಂಪುಟಗಳೂ ಮುಂದೆ ಸಿ.ಡಿ. ರೂಪ ತಾಳಿದವು. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಅಪರೂಪ. 2021ರಲ್ಲಿ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುವ ಕಾರ್ಯ ಕೈಗೊಂಡಿತು. ಕಣ್ಣಿಗೆ ಕಾಣದಷ್ಟು ಸವೆದ ಗೆರೆಗಳೂ ಇದರಿಂದ ಸ್ಪಷ್ಟವಾಗುತ್ತವೆ. ಆದರೆ ಆ ಕಡತಗಳಿಗೂ ಇದೇ ಆರೈಕೆ ಬೇಕು: ಎಲ್ಲರಿಗೂ ತೆರೆದಿರುವ ನಮೂನೆ, ಬೇರೆ ಬೇರೆ ಊರುಗಳಲ್ಲಿ ಪ್ರತಿ, ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ವರ್ಗಾವಣೆ.

ಕಲ್ಲು ನೂರಾರು ವರ್ಷ ಓದುಗನಿಗಾಗಿ ಕಾಯಬಲ್ಲದು. ಗಣಕದ ಕಡತಕ್ಕೆ ಆ ತಾಳ್ಮೆಯಿಲ್ಲ. ಓದಬಲ್ಲ ಯಂತ್ರ ಇನ್ನೂ ಇರುವಾಗಲೇ ಅದನ್ನು ಹೊಸ ರೂಪಕ್ಕೆ ಇಳಿಸಿಕೊಳ್ಳಬೇಕು.