ಮಹಾವೀರಾಚಾರ್ಯರ ಮೂಲಜಾತಿಯೂ ಗಣಕದ ಬೀಜಗಣಿತವೂ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಸೇಡಂ ದಾರಿ ಹಿಡಿದರೆ ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಊರು ‘ಕವಿರಾಜಮಾರ್ಗ’ದಿಂದ ಪರಿಚಿತ. ಅದೇ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಸ್ತುತಿಸುವ, ಸುಮಾರು ಕ್ರಿ.ಶ. 850ರ ಜೈನ ಕೃತಿ ‘ಗಣಿತಸಾರಸಂಗ್ರಹ’ವನ್ನು ಓದಿದವರು ಮಾತ್ರ ವಿರಳ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಅದರ ಪ್ರಕೀರ್ಣಕ ವ್ಯವಹಾರದಲ್ಲಿ ಒಂದು ಒಂಟೆಯ ಹಿಂಡಿದೆ. ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಬೆಟ್ಟದ ತಪ್ಪಲಿಗೆ ಹೋದವು. ಹದಿನೈದು ಹೊಳೆಯ ದಡದಲ್ಲಿವೆ. ಒಟ್ಟು ಎಷ್ಟು? ಮಹಾವೀರಾಚಾರ್ಯರ ಸೂತ್ರದಂತೆ ಉಳಿದ ಮುಕ್ಕಾಲು ಭಾಗದಿಂದ 15ನ್ನು ಭಾಗಿಸಿದರೆ 20. ಮೂಲದ ಗುಣಕದ ಅರ್ಧವನ್ನು ಭಾಗಿಸಿದರೆ 4/3. ಅದರ ವರ್ಗವನ್ನು 20ಕ್ಕೆ ಕೂಡಿಸಿ ಮೂಲ ತೆಗೆದರೆ 14/3. ಅದಕ್ಕೆ 4/3 ಸೇರಿಸಿದರೆ 6. ಇದರ ವರ್ಗ 36. ಕೇಳಿದ್ದು ಹಿಂಡನ್ನು, ಸೂತ್ರ ಮೊದಲು ಹುಡುಕುವುದು ಹಿಂಡಿನ ಮೂಲವನ್ನು. ಇದು ಹೆಸರಿಲ್ಲದ ಚರ ಬದಲಾವಣೆಯೇ.

ಯಾಕೋಬ್ ಬರ್ನೌಲಿ 1695ರಲ್ಲಿ ಒಡ್ಡಿದ ಅವಕಲ ಸಮೀಕರಣವನ್ನು ಲೈಬ್ನಿಟ್ಸ್ ಮರುವರ್ಷ ಬಿಡಿಸಿದ್ದೂ ಚರವನ್ನು ಬದಲಿಸಿಯೇ. ಇಲ್ಲಿ ಪ್ರಭಾವವನ್ನು ಹುಡುಕುವುದು ವ್ಯರ್ಥ, ಹೋಲಿಕೆ ಯುಕ್ತಿಯದು. ಒಂದು ರಾಶಿ ಬೆಳೆಯುವ ದರ ಆ ರಾಶಿ ಮತ್ತು ಅದರ ಮೂಲಗಳ ಮೊತ್ತಕ್ಕೆ ಸಮವೆನ್ನೋಣ. ರಾಶಿಯ ಬದಲು ಮೂಲವನ್ನೇ ಚರವಾಗಿ ಹಿಡಿದರೆ, ಮೂಲದ ದರದ ಇಮ್ಮಡಿ ಮೂಲಕ್ಕಿಂತ ಒಂದು ಹೆಚ್ಚು ಎಂಬ ಸರಳ ಸಮೀಕರಣ ದೊರೆಯುತ್ತದೆ. ಅವಕಲ ಸಮೀಕರಣದಲ್ಲಿ ತೊಡಕೊಂದು ಹೆಚ್ಚು: ಚರ ಬದಲಾದಾಗ ಅದರ ದರವೂ ಬದಲಾಗಬೇಕು.

ಈ ಶ್ರಮವನ್ನು ಈಗ ಮ್ಯಾಕ್ಸಿಮಾ, ಸಿಂಪೈ ಮೊದಲಾದ ತಂತ್ರಾಂಶಗಳು ಹೊರುತ್ತವೆ. ಮ್ಯಾಕ್ಸಿಮಾದ ಪೂರ್ವಜ ‘ಮ್ಯಾಕ್‌ಸಿಮಾ’ (Macsyma), 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾದದ್ದು. ಆದರೆ ಮೂಲವು ಕಾಲದೊಡನೆ ಬದಲಾಗುತ್ತದೆಂದು ತಿಳಿಸದಿದ್ದರೆ ಯಂತ್ರ ಅದನ್ನು ಸ್ಥಿರವೆಂದೆಣಿಸಿ ದರವನ್ನು ಸೊನ್ನೆ ಮಾಡಿಬಿಡುತ್ತದೆ. ಮೂಲವು ಧನರಾಶಿಯೆಂದೂ ಸಾರಬೇಕು; ಇಲ್ಲವಾದರೆ ವರ್ಗದ ಮೂಲ ಅದೇ ರಾಶಿಯೆಂದು ಅದು ಒಪ್ಪದು. ವರ್ಗಕ್ಕೆ ಧನ, ಋಣ ಎರಡು ಮೂಲಗಳೆಂಬುದನ್ನು ಮಹಾವೀರಾಚಾರ್ಯರೂ ಹೇಳಿದ್ದಾರೆ.

ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. ಮೇಲಿನ ಸರಳ ಸಮೀಕರಣ ಸಿಕ್ಕಿದ್ದು ಎರಡೂ ಕಡೆ ಮೂಲದಿಂದ ಭಾಗಿಸಿದ ಮೇಲೆ. ಮೂಲವೇ ಸೊನ್ನೆಯಾದರೆ? ಎಂದೆಂದೂ ಸೊನ್ನೆಯಾಗಿ ನಿಂತ ರಾಶಿಯೂ ಮೊದಲ ಸಮೀಕರಣಕ್ಕೆ ಉತ್ತರವೇ. ಭಾಗಾಕಾರದಲ್ಲಿ ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯರು ಬರೆದರು. ಅದು ತಪ್ಪು, ಅಭಿಮಾನದ ಬರಹಗಳು ಅದನ್ನು ಮುಚ್ಚಿಡಬೇಕಾಗಿಲ್ಲ. ಮೂಲಜಾತಿಯ ಸೂತ್ರದಲ್ಲಿ ಮಾತ್ರ ಅವರು ಮೂಲದಿಂದ ಎಲ್ಲಿಯೂ ಭಾಗಿಸಲಿಲ್ಲ.